ಅಪಘಾತದಲ್ಲಿ ರಸ್ತೆಯ ಪಾಲು

(ರಸ್ತೆ ಸುರಕ್ಷತೆ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಪಘಾತದ ಸುದ್ದಿಯಲ್ಲಿ ಬರುವ ಒಂದು ವಾಕ್ಯ ನಮಗೆಲ್ಲ ಬಾಯಿಪಾಠ ಆಗಿದೆ. ‘ಚಾಲಕನ ನಿಯಂತ್ರಣ ತಪ್ಪಿದ ಕಾರು ರಸ್ತೆ ಬದಿಯ ಮರಕ್ಕೆ ಡಿಕ್ಕಿ ಹೊಡೆದು...’ ಅಷ್ಟು ಓದಿದ ಕೂಡಲೇ ನಮ್ಮ ಮನಸ್ಸಿನಲ್ಲಿ ತೀರ್ಪು ಆಗಿಹೋಗುತ್ತದೆ. ಜೋರಾಗಿ ಓಡಿಸಿರಬೇಕು. ನಿದ್ದೆ ಹತ್ತಿರಬೇಕು. ಕುಡಿದಿದ್ದನೋ ಏನೋ. ಪುಟ ತಿರುಗಿಸುತ್ತೇವೆ. ನಿಯಂತ್ರಣ ಅಲ್ಲೇ ಯಾಕೆ ತಪ್ಪಿತು, ಮರ ರಸ್ತೆಗೆ ಅಷ್ಟು ಹತ್ತಿರ ಯಾಕಿತ್ತು, ಅದೇ ಮರಕ್ಕೆ ಹಿಂದೆ ಎಷ್ಟು ಗಾಡಿ ಗುದ್ದಿವೆ ಅಂತ ಯಾರೂ ಕೇಳುವುದಿಲ್ಲ. ಸುದ್ದಿಯಲ್ಲೂ ಅದು ಇರುವುದಿಲ್ಲ.

ಈವತ್ತಿನ ವಿಷಯ ಇದೇ. ರಸ್ತೆ ತಾನೇ ಅಪಾಯಕಾರಿ ಆಗಿರಲು ಸಾಧ್ಯವಾ? ಅಥವಾ ಅಪಾಯ ಇರುವುದು ಸ್ಟೀರಿಂಗ್ ಹಿಡಿದವರ ಕೈಯಲ್ಲಿ ಮಾತ್ರವಾ?

ಎಲ್ಲ ಓಡಿಸುವವರದ್ದೇ ತಪ್ಪು ಅನ್ನುವವರ ವಾದವನ್ನು ತಳ್ಳಿಹಾಕಲು ಆಗುವುದಿಲ್ಲ. ರಸ್ತೆ ಇದ್ದಲ್ಲೇ ಇರುತ್ತದೆ. ಎದ್ದು ಬಂದು ಯಾರಿಗೂ ಗುದ್ದುವುದಿಲ್ಲ. ಗುಂಡಿ ಇದ್ದರೆ ನಿಧಾನ ಹೋಗಬೇಕು. ತಿರುವಿನ ಆಚೆ ಕಾಣದಿದ್ದರೆ ಬ್ರೇಕ್ ಮೇಲೆ ಕಾಲಿಡಬೇಕು. ಮಂಜು ದಟ್ಟವಾಗಿದ್ದರೆ ಪಕ್ಕಕ್ಕೆ ಹಾಕಿ ನಿಲ್ಲಿಸಬೇಕು. ರಸ್ತೆ ಹೇಗಿದೆಯೋ ಅದಕ್ಕೆ ತಕ್ಕಂತೆ ಓಡಿಸುವುದೇ ಡ್ರೈವಿಂಗ್, ಅಲ್ವಾ? ಇದರ ಹಿಂದೆ ಇನ್ನೊಂದು ಕಾಳಜಿಯೂ ಇದೆ. ರಸ್ತೆಯನ್ನು ದೂರಲು ಶುರು ಮಾಡಿದರೆ ಕುಡಿದು ಓಡಿಸಿದವನೂ ‘ರಸ್ತೆ ಸರಿ ಇರಲಿಲ್ಲ’ ಅಂತ ಕೈ ತೊಳೆದುಕೊಳ್ಳುತ್ತಾನೆ. ಮನೆಯವರನ್ನು ಕಳೆದುಕೊಂಡವರಿಗೆ ಅದು ಗಾಯದ ಮೇಲೆ ಬರೆ ಎಳೆದ ಹಾಗೆ.

ಆ ಕಾಳಜಿ ನನಗೂ ಇದೆ. ಹೆಚ್ಚುಕಮ್ಮಿ ಎಲ್ಲ ಅಪಘಾತದಲ್ಲೂ ಎಲ್ಲೋ ಒಂದು ಕಡೆ ಮನುಷ್ಯನ ತಪ್ಪು ಇರುತ್ತದೆ, ಒಪ್ಪೋಣ. ಆದರೆ ಆ ತಪ್ಪು ಎಷ್ಟು ಸಲ ಆಗುತ್ತದೆ? ಆದಾಗ ಎದೆ ಧಸಕ್ ಅಂದು ಅಲ್ಲಿಗೇ ಮುಗಿಯುತ್ತದೋ, ಜೀವ ಹೋಗುತ್ತದೋ? ಇದನ್ನು ಬಹುಮಟ್ಟಿಗೆ ರಸ್ತೆ ತೀರ್ಮಾನಿಸುತ್ತದೆ. ನಾನು ಹೇಳಲು ಬಂದಿರುವುದು ಇಷ್ಟೇ. ತಪ್ಪು ಯಾರದ್ದು ಅನ್ನುವುದು ಒಂದು ಪ್ರಶ್ನೆ, ಮುಂದಿನ ಸಾವನ್ನು ತಪ್ಪಿಸುವುದು ಹೇಗೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಕೂಡಲೇ ಎರಡನೆಯದನ್ನು ನಾವು ಕೇಳುವುದೇ ಇಲ್ಲ.

ಈ ಚರ್ಚೆಯಲ್ಲಿ ಒಂದು ಅಂಕಿ ಮೇಲಿಂದ ಮೇಲೆ ಬರುತ್ತದೆ. ‘ನೂರಕ್ಕೆ 94 ಅಪಘಾತಗಳಿಗೆ ಡ್ರೈವರೇ ಕಾರಣ’ ಅಂತ. ನೀವೂ ಕೇಳಿರುತ್ತೀರಿ. ಇದು ಬಂದಿದ್ದು ಅಮೆರಿಕದಿಂದ. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ 2005ರಿಂದ 2007ರವರೆಗೆ ಸಾವಿರಾರು ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿತು. ಅದರ ಸಾರವನ್ನು 2015ರಲ್ಲಿ ಪುಟ್ಟ ವರದಿಯಾಗಿ ಹೊರತಂದಿತು. ಅದರಲ್ಲಿ 94 ಅನ್ನುವ ಅಂಕಿ ಇರುವುದು ನಿಜ. ಆದರೆ ಅವರು ಎಣಿಸಿದ್ದು ಏನನ್ನು? ಘಟನೆಗಳ ಸರಪಳಿಯಲ್ಲಿ ಡಿಕ್ಕಿಗೆ ಸ್ವಲ್ಪ ಮುಂಚಿನ ಕೊಂಡಿ ಯಾವುದು ಅನ್ನುವುದನ್ನು. ಇದನ್ನು ಅಪಘಾತದ ಕಾರಣ ಅಂತಾಗಲಿ, ಯಾರದೋ ತಪ್ಪು ಅಂತಾಗಲಿ ತಿಳಿಯಬಾರದು ಅಂತ ಅದೇ ವರದಿ ಹೇಳುತ್ತದೆ. ಅಂಕಿ ಮಾತ್ರ ಊರೆಲ್ಲ ಸುತ್ತಿತು. ಎಚ್ಚರಿಕೆಯ ಮಾತು ಆ ಕಾಗದದಲ್ಲೇ ಉಳಿಯಿತು.

ಸರಪಳಿಯ ಕೊನೆಯ ಕೊಂಡಿ ಹೆಚ್ಚು ಸಲ ಮನುಷ್ಯನೇ ಆಗಿರುತ್ತಾನೆ. ಯಾಕೆಂದರೆ ಕೊನೇ ಕ್ಷಣದಲ್ಲಿ ಏನಾದರೂ ಮಾಡಲು ಆಗುವುದು ಅವನಿಗೆ ಮಾತ್ರ. ರಸ್ತೆಯ ತಪ್ಪು ನಡೆದಿರುವುದು ಎಷ್ಟೋ ವರ್ಷ ಹಿಂದೆ, ನಕ್ಷೆ ಬರೆದ ಮೇಜಿನ ಮೇಲೆ. ಅಪಘಾತ ಆದ ರಾತ್ರಿ ಅಲ್ಲಿಗೆ ಬಂದ ಪೊಲೀಸರಿಗೆ ಆ ಮೇಜು ಕಾಣುವುದಿಲ್ಲ. ಕಾಣುವುದು ಜಜ್ಜಿಹೋದ ಗಾಡಿ, ಟೈರ್ ಗುರುತು, ನಡುಗುತ್ತಾ ನಿಂತ ಡ್ರೈವರ್. ‘ಅತಿವೇಗ ಮತ್ತು ಅಜಾಗರೂಕತೆ’ ಅಂತ ಬರೆದರೆ ಅವರ ಕೆಲಸ ಮುಗಿಯಿತು. ಅವರನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಕೊಟ್ಟಿರುವ ಕೆಲಸವೇ ಯಾರ ಮೇಲೆ ಕೇಸ್ ಹಾಕಬೇಕು ಅನ್ನುವುದನ್ನು ನೋಡುವುದು.

ಈಗ ಒಂದು ಮೆಟ್ಟಿಲನ್ನು ನೆನಪಿಸಿಕೊಳ್ಳಿ. ಹದಿನೈದು ಮೆಟ್ಟಿಲಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಒಂದೆರಡು ಬೆರಳು ಎತ್ತರ. ಹತ್ತುವವರೆಲ್ಲ ಅಲ್ಲೇ ಮುಗ್ಗರಿಸುತ್ತಾರೆ. ಒಬ್ಬೊಬ್ಬರನ್ನೇ ಕೇಳಿದರೆ ಒಬ್ಬೊಬ್ಬರದೂ ಒಂದೊಂದು ಕಾರಣ. ಮಾತಾಡುತ್ತಾ ಬಂದೆ, ಫೋನ್ ನೋಡುತ್ತಿದ್ದೆ, ಅವಸರದಲ್ಲಿದ್ದೆ. ಎಲ್ಲ ಕಾರಣವೂ ನಿಜ. ಆದರೆ ಆ ಗಮನಗೇಡಿತನ ಉಳಿದ ಹದಿನಾಲ್ಕು ಮೆಟ್ಟಿಲಲ್ಲೂ ಇತ್ತಲ್ಲ, ಅಲ್ಲಿ ಯಾರೂ ಬೀಳಲಿಲ್ಲ. ರಸ್ತೆಯ ವಿಷಯದಲ್ಲೂ ನಾನು ಮೊದಲು ನೋಡುವುದು ಇದನ್ನೇ. ಒಂದೇ ಜಾಗದಲ್ಲಿ ಬೇರೆ ಬೇರೆ ಜನ, ಬೇರೆ ಬೇರೆ ಗಾಡಿ, ಬೇರೆ ಬೇರೆ ಹೊತ್ತಿನಲ್ಲಿ ಒಂದೇ ರೀತಿ ಬೀಳುತ್ತಿದ್ದಾರೆ ಅಂದರೆ, ಅಲ್ಲಿ ಬದಲಾಗದೆ ಇರುವುದು ಜಾಗ ಒಂದೇ.

ಹಾಗಂತ ಅವಸರದ ತೀರ್ಮಾನವೂ ಬೇಡ. ಒಂದು ವರ್ಷ ಒಂದು ಜಂಕ್ಷನ್‌ನಲ್ಲಿ ಅಪಘಾತ ಜಾಸ್ತಿ ಆದರೆ ಅದು ಬರೀ ಆಕಸ್ಮಿಕವೂ ಇರಬಹುದು. ಮುಂದಿನ ವರ್ಷ ಏನೂ ಮಾಡದೇ ತಾನಾಗಿ ಇಳಿಯಬಹುದು. ಆ ನಡುವೆ ಅಲ್ಲೊಂದು ಬೋರ್ಡ್ ಹಾಕಿದ್ದರೆ, ‘ನೋಡಿ, ಬೋರ್ಡ್‌ನಿಂದಲೇ ಕಡಿಮೆ ಆಯಿತು’ ಅಂತ ಹೇಳಿಕೊಳ್ಳುವುದು ಸುಲಭ. ಅದಕ್ಕೇ ತಿಳಿದವರು ಮೂರರಿಂದ ಐದು ವರ್ಷದ ಲೆಕ್ಕ ಇಟ್ಟುಕೊಂಡು ಮಾತಾಡುತ್ತಾರೆ.

ರಸ್ತೆ ಮನುಷ್ಯನಿಂದ ತಪ್ಪು ಮಾಡಿಸುವುದು ಹೇಗೆ? ಒಂದು ತಿರುವನ್ನೇ ಹತ್ತಿರದಿಂದ ನೋಡೋಣ.

ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಜಾರದಂತೆ ಹಿಡಿಯುವುದು ಎರಡು. ಒಂದು, ಟೈರಿನ ಹಿಡಿತ. ಇನ್ನೊಂದು, ರಸ್ತೆಯ ಓರೆ. ಸರಿಯಾಗಿ ಕಟ್ಟಿದ ತಿರುವಿನಲ್ಲಿ ಹೊರ ಅಂಚು ಎತ್ತರ, ಒಳ ಅಂಚು ತಗ್ಗು ಇರುತ್ತದೆ. ಓರೆ ನೂರಕ್ಕೆ ಏಳರಷ್ಟು ಕೊಟ್ಟು, ಟೈರಿನ ಹಿಡಿತವನ್ನು ಎಚ್ಚರಿಕೆಯಿಂದ ಕಡಿಮೆಯೇ ಅಂದುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ 60 ಕಿ.ಮೀ. ವೇಗಕ್ಕೆ ತಿರುವಿನ ತ್ರಿಜ್ಯ ಸುಮಾರು 130 ಮೀಟರ್ ಆದರೂ ಇರಬೇಕು. 80 ಕಿ.ಮೀ. ವೇಗಕ್ಕೆ ಸುಮಾರು 230 ಮೀಟರ್ ಬೇಕು. ವೇಗ ಮೂರನೇ ಒಂದು ಪಾಲು ಹೆಚ್ಚಾದರೆ ತಿರುವು ಮುಕ್ಕಾಲು ಪಾಲಿಗಿಂತ ಜಾಸ್ತಿ ಹಿಗ್ಗಬೇಕು.

ಎರಡು ಕಿಲೋಮೀಟರ್ ನೇರ ರಸ್ತೆ ಇದೆ ಅಂದುಕೊಳ್ಳಿ. ಎಲ್ಲರೂ ಆರಾಮಾಗಿ 80ರಲ್ಲಿ ಬರುತ್ತಿದ್ದಾರೆ. ಅದರ ಕೊನೆಗೆ 60ಕ್ಕೆ ಮಾತ್ರ ತಡೆಯುವ ತಿರುವು. ಆ ತಿರುವು ಸಣ್ಣ ಏರು ಹತ್ತಿ ಇಳಿದ ಮೇಲೆಯೇ ಕಾಣುವುದು. ಇನ್ನೂ ಕೆಟ್ಟದ್ದು ಯಾವುದು ಗೊತ್ತಾ? ಶುರುವಿನಲ್ಲಿ ಸಲೀಸಾಗಿದ್ದು ನಡುವೆ ಇದ್ದಕ್ಕಿದ್ದ ಹಾಗೆ ಬಿಗಿಯಾಗುವ ತಿರುವು. ಡ್ರೈವರ್ ಮೊದಲ ಅರ್ಧ ನೋಡಿ ಸ್ಟೀರಿಂಗ್ ಎಷ್ಟು ತಿರುಗಿಸಬೇಕು ಅಂತ ಅಂದಾಜು ಮಾಡಿರುತ್ತಾನೆ. ಎರಡನೇ ಅರ್ಧ ಆ ಅಂದಾಜನ್ನು ಸುಳ್ಳು ಮಾಡುತ್ತದೆ. ಆಗ ಗಾಬರಿಯಿಂದ ಬ್ರೇಕ್ ಒತ್ತುತ್ತಾನೆ. ತಿರುವಿಗೆ ಬೇಕಾಗಿದ್ದ ಟೈರಿನ ಹಿಡಿತದಲ್ಲಿ ಒಂದು ಪಾಲನ್ನು ಬ್ರೇಕ್ ತಿಂದುಹಾಕುತ್ತದೆ. ಗಾಡಿ ಹೊರಕ್ಕೆ ಹೋಗುತ್ತದೆ. ವರದಿಯಲ್ಲಿ ಏನು ಬರುತ್ತದೆ? ‘ನಿಯಂತ್ರಣ ತಪ್ಪಿ.’

ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ನೇರ ರಸ್ತೆಯ ಮೇಲ್ಮೈ ನಡುವೆ ಉಬ್ಬಿದ್ದು ಎರಡೂ ಬದಿಗೆ ಇಳಿಜಾರಾಗಿರುತ್ತದೆ, ನೀರು ಹರಿದುಹೋಗಲಿ ಅಂತ. ತಿರುವಿನಲ್ಲಿ ಅದು ಒಂದೇ ಬದಿಗೆ ಓರೆಯಾಗಬೇಕು. ಹೀಗೆ ಬದಲಾಗುವ ಜಾಗದಲ್ಲಿ ಹೊರಗಿನ ಅರ್ಧ ರಸ್ತೆ ಒಂದು ಗಳಿಗೆ ಪೂರ್ತಿ ಸಮತಟ್ಟಾಗುತ್ತದೆ. ನೀರು ಯಾವ ಕಡೆಗೂ ಹರಿಯದೆ ಅಲ್ಲೇ ತೆಳುವಾಗಿ ನಿಲ್ಲುತ್ತದೆ. ಉದ್ದಕ್ಕೂ ಒಂದಿಷ್ಟು ಇಳಿಜಾರು ಕೊಟ್ಟಿದ್ದರೆ ಅದು ಹರಿದುಹೋಗುತ್ತದೆ. ಕೊಡದಿದ್ದರೆ, ತಿರುವು ಶುರುವಾಗುವ ಜಾಗದಲ್ಲೇ ಟೈರ್ ನೀರಿನ ಮೇಲೆ ತೇಲುತ್ತದೆ. ಗಾಡಿಯೊಳಗೆ ಕೂತವರಿಗೆ ಇದು ಕಾಣುವ ಮಾತೇ ಇಲ್ಲ.

ರಾತ್ರಿ ಲೆಕ್ಕವೂ ಹೀಗೇ. 80 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಏನೋ ಕಂಡು, ಅದೇನು ಅಂತ ಅರ್ಥವಾಗಿ, ಬ್ರೇಕ್ ಒತ್ತಲು ಎರಡೂವರೆ ಸೆಕೆಂಡ್ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲುವ ದೂರ. ಎಲ್ಲ ಸೇರಿ ಸುಮಾರು 125 ಮೀಟರ್. ಡಿಪ್ ಹಾಕಿದ ಹೆಡ್‌ಲೈಟ್ ಅದರ ಅರ್ಧ ದೂರಕ್ಕೂ ಸರಿಯಾಗಿ ಬೆಳಕು ಕೊಡುವುದಿಲ್ಲ. ಅಂದರೆ ಬೀದಿದೀಪ ಇಲ್ಲದ, ಬಿಳಿ ಗೆರೆ ಅಳಿಸಿಹೋದ, ರಿಫ್ಲೆಕ್ಟರ್ ಇಲ್ಲದ ರಸ್ತೆಯಲ್ಲಿ ಕಾನೂನು ಒಪ್ಪುವ ವೇಗದಲ್ಲಿ ಹೋಗುವವನೂ ಅರ್ಧ ಕುರುಡನೇ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಪರ್ಸಿ ಶಾ ಎಂಬಾತ 1934ರಲ್ಲಿ ರಸ್ತೆಯ ನಡುವೆ ಕೂರಿಸುವ ಹೊಳೆಯುವ ಗಾಜಿನ ಬಿಲ್ಲೆಗೆ ಪೇಟೆಂಟ್ ಪಡೆದ. ಗಾಡಿಯ ಬೆಳಕೇ ಬಿದ್ದು ವಾಪಸ್ ಕಣ್ಣಿಗೆ ಬರುತ್ತದೆ, ಮುಂದಿನ ತಿರುವು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಅದಕ್ಕೆ ಕರೆಂಟ್ ಬೇಡ. ಅಷ್ಟು ಸಣ್ಣ ವಸ್ತು, ಕತ್ತಲಲ್ಲಿ ಅಷ್ಟು ದೊಡ್ಡ ಆಸರೆ.

ಇಲ್ಲಿಯವರೆಗೆ ಹೇಳಿದ್ದು ತಪ್ಪಾಗುವುದಕ್ಕೆ ಮುಂಚಿನ ಮಾತು. ತಪ್ಪಾದ ಮೇಲೆ ಏನಾಗುತ್ತದೆ ಅನ್ನುವುದು ನನಗೆ ಇನ್ನೂ ಮುಖ್ಯ.

ಅಮೆರಿಕದ ಜನರಲ್ ಮೋಟರ್ಸ್ ಕಂಪನಿಗೆ ಮಿಶಿಗನ್ ರಾಜ್ಯದಲ್ಲಿ ಕಾರು ಪರೀಕ್ಷೆ ಮಾಡುವ ದೊಡ್ಡ ಮೈದಾನ ಇದೆ. ಅಲ್ಲಿ ಓಡಿಸುವವರು ತರಬೇತಾದ ಡ್ರೈವರುಗಳು. ಹೊರಗಿನ ಗಾಡಿಗೆ ಪ್ರವೇಶವಿಲ್ಲ. ಕುಡಿದು ಬರುವ ಹಾಗಿಲ್ಲ. ಆದರೂ ಅಲ್ಲಿ ಗಾಡಿಗಳು ರಸ್ತೆ ಬಿಟ್ಟು ಹೊರಗೆ ಹೋಗುತ್ತಿದ್ದವು. ಕೆನ್ನೆತ್ ಸ್ಟೋನೆಕ್ಸ್ ಎಂಬ ಎಂಜಿನಿಯರ್ ಇದನ್ನು ಲೆಕ್ಕ ಹಾಕಿ ನೋಡಿದ. ರಸ್ತೆ ಬಿಟ್ಟ ಗಾಡಿಗಳಲ್ಲಿ ನೂರಕ್ಕೆ 80 ಗಾಡಿಗಳು ಸುಮಾರು 30 ಅಡಿಯೊಳಗೇ ಹತೋಟಿಗೆ ಬಂದಿದ್ದವು. ಆ 30 ಅಡಿಯಲ್ಲಿ ಮರ, ಕಲ್ಲುಕಂಬ, ಆಳದ ಚರಂಡಿ ಇರದಿದ್ದರೆ ಅಷ್ಟೂ ಜನ ಬದುಕಿ ವಾಪಸ್ ರಸ್ತೆಗೆ ಬರಬಹುದು. ಆ ಮೈದಾನದಲ್ಲಿ ಬದಿಯ ಮರ ತೆಗೆದರು, ಚರಂಡಿಯ ಏಣನ್ನು ಇಳಿಜಾರು ಮಾಡಿದರು. 1960ರ ದಶಕದಲ್ಲಿ ಈ ವಿಚಾರ ಹೆದ್ದಾರಿಗಳಿಗೂ ಬಂತು. ಗುದ್ದಿದರೆ ಬುಡದಲ್ಲೇ ಕಳಚಿಕೊಳ್ಳುವ ದೀಪದ ಕಂಬಗಳು ಬಂದಿದ್ದು ಇದೇ ಯೋಚನೆಯ ಮುಂದುವರಿಕೆ. ಪಳಗಿದ ಡ್ರೈವರೇ ರಸ್ತೆ ಬಿಡುತ್ತಾನೆ ಅಂದಮೇಲೆ, ನಮ್ಮ ನಿಮ್ಮಂಥವರು ಯಾವತ್ತೂ ಬಿಡುವುದಿಲ್ಲ ಅಂತ ನಂಬಿಕೊಂಡು ರಸ್ತೆ ಕಟ್ಟುವುದು ಸರಿಯಾ?

ಸ್ವೀಡನ್ನಿನ ಕಥೆ ಇದಕ್ಕಿಂತಲೂ ಸ್ಪಷ್ಟ. ಅಲ್ಲಿ 13 ಮೀಟರ್ ಅಗಲದ ಹೆದ್ದಾರಿಗಳು ಬೇಕಾದಷ್ಟಿದ್ದವು. ಎರಡು ಲೇನ್, ಎರಡೂ ಬದಿಗೆ ಅಗಲವಾದ ಅಂಚು, ನಡುವೆ ಡಿವೈಡರ್ ಇಲ್ಲ. ನೋಡಲು ಚೆನ್ನ, ಓಡಿಸಲು ಸುಖ. ಎದುರಿನವನು ಅಂಚಿಗೆ ಸರಿದುಕೊಳ್ಳುತ್ತಾನೆ ಅಂತ ನಂಬಿ ಜನ ನಡುವೆ ನುಗ್ಗಿ ಓವರ್‌ಟೇಕ್ ಮಾಡುತ್ತಿದ್ದರು. ಮುಖಾಮುಖಿ ಡಿಕ್ಕಿಯಾಗಿ ಸಾಯುತ್ತಿದ್ದರು. 1998ರಲ್ಲಿ ಯೆವ್ಲೆ ಪಟ್ಟಣದ ಹತ್ತಿರ ಒಂದು ತುಂಡು ಹೆದ್ದಾರಿಯಲ್ಲಿ ಅದೇ 13 ಮೀಟರನ್ನು ಮೂರು ಲೇನ್ ಮಾಡಿದರು. ಸ್ವಲ್ಪ ದೂರ ಈ ಕಡೆಯವರಿಗೆ ಎರಡು ಲೇನ್, ಆಮೇಲೆ ಆ ಕಡೆಯವರಿಗೆ ಎರಡು. ಎರಡೂ ದಿಕ್ಕಿನ ನಡುವೆ ಉಕ್ಕಿನ ಕೇಬಲ್ಲಿನ ಬೇಲಿ. ಬಹಳ ಜನ ವಿರೋಧಿಸಿದರು. ಬೈಕ್ ಸವಾರರಿಗಂತೂ ಆ ಕೇಬಲ್ ಕಂಡರೆ ಭಯ.

ಫಲ ಏನಾಯಿತು ಗೊತ್ತಾ? ಕೇಬಲ್‌ಗೆ ಗಾಡಿ ತಾಗುವುದು ಆಗಾಗ ನಡೆಯುತ್ತಲೇ ಇತ್ತು. ಬಾಗಿಲು ಗೀಚಿತು, ಕನ್ನಡಿ ಹೋಯಿತು, ಬಂಪರ್ ಕಿತ್ತುಬಂತು. ಆದರೆ ಇಂಥ ರಸ್ತೆಗಳಲ್ಲಿ ಸಾವು ಮುಕ್ಕಾಲು ಪಾಲು ಇಳಿಯಿತು. ಡ್ರೈವರುಗಳು ಅವರೇ. ಕೇಬಲ್‌ಗೆ ತಾಗಿದ ಒಂದೊಂದು ಗಾಡಿಯೂ ಒಬ್ಬೊಬ್ಬರ ತಪ್ಪಿನ ಗುರುತು. ತೂಕಡಿಸಿದ್ದು, ಫೋನ್ ಕಡೆ ನೋಡಿದ್ದು, ಅವಸರಪಟ್ಟಿದ್ದು ಎಲ್ಲ ಮೊದಲಿನ ಹಾಗೇ ಇತ್ತು. ಎದುರುಗಡೆ ಲಾರಿಯ ಬದಲು ಕೇಬಲ್ ಸಿಕ್ಕಿತು, ಅಷ್ಟೇ ವ್ಯತ್ಯಾಸ. ಈ ಇಡೀ ಚರ್ಚೆಯಲ್ಲಿ ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಕಂಡಿಲ್ಲ.

ಇದಕ್ಕೆ ಒಂದು ವರ್ಷ ಮುಂಚೆ, 1997ರಲ್ಲಿ, ಸ್ವೀಡನ್ನಿನ ಸಂಸತ್ತು ಒಂದು ನಿರ್ಧಾರ ಮಾಡಿತ್ತು. ರಸ್ತೆಯಲ್ಲಿ ಯಾರೂ ಸಾಯಬಾರದು, ಅದೇ ಗುರಿ. ಜನ ತಪ್ಪು ಮಾಡಿಯೇ ಮಾಡುತ್ತಾರೆ, ಅದಕ್ಕೆ ಪ್ರಾಣ ತೆರುವಂತೆ ಆಗಬಾರದು, ಹಾಗೆ ಆಗದಂತೆ ನೋಡಿಕೊಳ್ಳುವ ಹೊಣೆ ರಸ್ತೆ ಕಟ್ಟುವವರದ್ದೂ ಹೌದು ಅಂತ. ಆ ವರ್ಷ ಅಲ್ಲಿ 541 ಜನ ರಸ್ತೆಯಲ್ಲಿ ಸತ್ತಿದ್ದರು. 2019ರಲ್ಲಿ 221 ಜನ. ಸೊನ್ನೆ ಇನ್ನೂ ದೂರ ಇದೆ. ಆದರೆ ಆ ಇಳಿಕೆ ಸಣ್ಣದೇನಲ್ಲ.

ಜಂಕ್ಷನ್ ಬಗ್ಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ನಾಲ್ಕು ರಸ್ತೆ ಸೇರುವ ಸಾಮಾನ್ಯ ಜಂಕ್ಷನ್‌ನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ಅಡ್ಡ ಬರುವ, ಕೂಡುವ, ಬೇರ್ಪಡುವ ಜಾಗಗಳು 32. ನಡುವೆ ದುಂಡನೆಯ ದ್ವೀಪ ಇಟ್ಟು ಒಂದೇ ಲೇನಿನ ರೌಂಡ್‌ಅಬೌಟ್ ಮಾಡಿದರೆ ಅವು 8ಕ್ಕೆ ಇಳಿಯುತ್ತವೆ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಎಲ್ಲರೂ ಬಾಗಿ ಹೋಗಲೇಬೇಕು, ಹಾಗಾಗಿ ವೇಗ ತಾನಾಗಿ ಇಳಿಯುತ್ತದೆ. ನೇರವಾಗಿ ಪಕ್ಕೆಗೆ ಗುದ್ದುವ ಡಿಕ್ಕಿ ಇಲ್ಲವಾಗುತ್ತದೆ. ಅಮೆರಿಕದಲ್ಲಿ ಹೀಗೆ ಬದಲಾಯಿಸಿದ ಇಪ್ಪತ್ತಕ್ಕೂ ಹೆಚ್ಚು ಜಂಕ್ಷನ್‌ಗಳನ್ನು 2000ದ ಹೊತ್ತಿಗೆ ಅಧ್ಯಯನ ಮಾಡಿದಾಗ, ಗಾಯವಾಗುವ ಅಪಘಾತ ಮುಕ್ಕಾಲು ಪಾಲು ಕಡಿಮೆಯಾಗಿತ್ತು. ಸಾವು ಮತ್ತು ತೀವ್ರ ಗಾಯ ಇನ್ನೂ ಹೆಚ್ಚು ಇಳಿದಿತ್ತು. ಸಿಗ್ನಲ್ ನುಗ್ಗುವವನಿಗೆ ದಂಡ ಹಾಕಿ ಹಾಕಿ ಇಷ್ಟು ಸಾಧಿಸಲು ಎಷ್ಟು ಪೊಲೀಸರು ಬೇಕಾಗುತ್ತಿತ್ತು, ಯೋಚಿಸಿ.

ಈಗ ನನ್ನ ವಾದಕ್ಕೆ ಎದುರು ನಿಲ್ಲುವ ಮಾತು. ಇದನ್ನು ಹೇಳದೆ ಮುಂದೆ ಹೋದರೆ ನಿಮಗೆ ಅನ್ಯಾಯ ಮಾಡಿದ ಹಾಗೆ.

ರಸ್ತೆ ಒಳ್ಳೆಯದಾದಷ್ಟೂ ಜನ ಜೋರಾಗಿ ಹೋಗುತ್ತಾರೆ, ಭಯ ಅನ್ನಿಸಿದರೆ ಹುಷಾರಾಗುತ್ತಾರೆ. ಇದು ನಿಜ. ಇದೇ ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಎಡಗಡೆ ಓಡಿಸುವುದನ್ನು ಬಿಟ್ಟು ಬಲಗಡೆಗೆ ಬದಲಾಯಿತು. ಇಡೀ ದೇಶಕ್ಕೆ ಒಂದೇ ದಿನ. ಹಾಹಾಕಾರ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಅಪಘಾತಗಳು ಕಡಿಮೆಯಾದವು. ಎಲ್ಲರಿಗೂ ಭಯ ಇತ್ತು, ಎಲ್ಲರೂ ಮೈಯೆಲ್ಲ ಕಣ್ಣಾಗಿ ಓಡಿಸಿದರು. ಆದರೆ ಅದು ಹೆಚ್ಚು ಕಾಲ ನಿಲ್ಲಲಿಲ್ಲ. ಸುಮಾರು ಎರಡು ವರ್ಷದೊಳಗೆ ಎಲ್ಲ ಹಳೆಯ ಮಟ್ಟಕ್ಕೇ ಬಂತು. ಭಯ ಮನುಷ್ಯನನ್ನು ಹುಷಾರು ಮಾಡುತ್ತದೆ, ರೂಢಿ ಆ ಹುಷಾರನ್ನು ಕರಗಿಸುತ್ತದೆ. ಬರೀ ಎಚ್ಚರದ ಮೇಲೆ ಜೀವ ಉಳಿಸುವ ಯೋಜನೆ ಕಟ್ಟುವವರು ಈ ಎರಡು ವರ್ಷದ ಲೆಕ್ಕವನ್ನು ನೆನಪಿಡಬೇಕು.

ಹಾಗಾದರೆ ಎಲ್ಲ ಕಡೆ ರಸ್ತೆ ಅಗಲ ಮಾಡಿ, ಮರ ಕಡಿದು, ನೇರ ಮಾಡಿಬಿಡಬೇಕಾ? ಖಂಡಿತ ಬೇಡ. ಹೆದ್ದಾರಿಯ ಪಾಠವನ್ನು ಊರೊಳಗೆ ತಂದಿದ್ದೇ ದೊಡ್ಡ ಅನಾಹುತ. ಊರೊಳಗಿನ ಅಗಲವಾದ, ನೇರವಾದ, ನುಣುಪಾದ ರಸ್ತೆ ಡ್ರೈವರಿನ ಕಾಲಿಗೆ ‘ಒತ್ತು’ ಅನ್ನುತ್ತದೆ. ಬದಿಯಲ್ಲಿ ನಿಂತ ಬೋರ್ಡ್ ‘40’ ಅನ್ನುತ್ತದೆ. ಕಾಲು ರಸ್ತೆಯ ಮಾತು ಕೇಳುತ್ತದೆ. ಅದೇ ರಸ್ತೆಗೆ ಶಾಲೆಯ ಗೇಟು ತೆರೆದುಕೊಂಡಿರುತ್ತದೆ, ಬಸ್ ನಿಲ್ಲುತ್ತದೆ, ಮಕ್ಕಳು ದಾಟುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ ರಸ್ತೆ ಇದು. ನೋಡಿದರೆ ಅಪಾಯ ಅನ್ನಿಸುವುದೇ ಇಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಒಂದು ಮಗು ಓಡಿಬಂತು. ಒಂದೇ ಜಾಗದಲ್ಲಿ ಎರಡು ಕಾರು ಅಕ್ಕಪಕ್ಕ ಬರುತ್ತಿವೆ ಅಂದುಕೊಳ್ಳಿ. ಒಂದು 30 ಕಿ.ಮೀ. ವೇಗದಲ್ಲಿ, ಇನ್ನೊಂದು 50ರಲ್ಲಿ. ಇಬ್ಬರೂ ಡ್ರೈವರುಗಳು ಹುಷಾರಿನವರು. ಒಂದೇ ಸೆಕೆಂಡಿನಲ್ಲಿ ಇಬ್ಬರ ಕಾಲೂ ಬ್ರೇಕಿಗೆ ಹೋಗುತ್ತದೆ. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ. 30ರ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಚಿಲ್ಲರೆ ಹೋಗಿ, ಇನ್ನು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 13 ಮೀಟರ್ ಚಿಲ್ಲರೆ. 50ರ ಕಾರು ಆ ಒಂದೇ ಸೆಕೆಂಡಿನಲ್ಲಿ ಸುಮಾರು 14 ಮೀಟರ್ ದಾಟಿರುತ್ತದೆ. ಅಂದರೆ ಮೊದಲನೆಯದು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಬ್ರೇಕೇ ಹಿಡಿದಿಲ್ಲ. ಮಗು ಅಲ್ಲಿದ್ದರೆ ಪೂರ್ತಿ 50ರ ಹೊಡೆತ ಬೀಳುತ್ತದೆ. ಆ ಹೊಡೆತದ ಶಕ್ತಿ 30ರದ್ದಕ್ಕಿಂತ ಹೆಚ್ಚುಕಮ್ಮಿ 2.8 ಪಟ್ಟು. ಇಲ್ಲಿ ಯಾವ ಡ್ರೈವರ್ ಅಜಾಗರೂಕ? ಇಬ್ಬರೂ ಅಲ್ಲ. ಶಾಲೆಯ ಮುಂದೆ 50ರಲ್ಲಿ ಹೋಗುವುದು ಸಹಜ ಅನ್ನಿಸುವ ಹಾಗೆ ರಸ್ತೆ ಕಟ್ಟಿದ್ದೇ ತಪ್ಪು. ರಸ್ತೆಯನ್ನು ಅಲ್ಲಿ ಸಣ್ಣದು ಮಾಡಿ, ದಾಟುವ ಜಾಗವನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದರೆ, ಬೋರ್ಡ್ ಇಲ್ಲದಿದ್ದರೂ ಗಾಡಿ ನಿಧಾನವಾಗುತ್ತದೆ.

ಅಪಾಯ ಕಣ್ಣಿಗೆ ಕಂಡರೆ ಸಾಕು, ಜನ ಹುಷಾರಾಗಿರುತ್ತಾರೆ ಅನ್ನುವವರಿಗೆ ಬೊಲಿವಿಯಾದ ಯುಂಗಸ್ ರಸ್ತೆಯನ್ನು ತೋರಿಸಬೇಕು. ಲಾ ಪಾಜ್‌ನಿಂದ ಕೊರೊಯ್ಕೊ ಕಡೆಗೆ ಇಳಿಯುವ ಘಾಟಿ ಅದು. ಎಷ್ಟೋ ಕಡೆ ಒಂದೇ ಗಾಡಿ ಹಿಡಿಯುವಷ್ಟು ಅಗಲ. ಪಕ್ಕದಲ್ಲಿ ನೂರಾರು ಮೀಟರ್ ಪ್ರಪಾತ, ತಡೆಗೋಡೆ ಇಲ್ಲ. ಬೊಲಿವಿಯಾದಲ್ಲಿ ಎಲ್ಲ ಕಡೆ ಬಲಗಡೆ ಓಡಿಸುತ್ತಾರೆ, ಈ ಘಾಟಿಯಲ್ಲಿ ಮಾತ್ರ ಎಡಗಡೆ. ಯಾಕೆ ಗೊತ್ತಾ? ಅಲ್ಲಿನ ಗಾಡಿಗಳಲ್ಲಿ ಸ್ಟೀರಿಂಗ್ ಎಡಕ್ಕಿರುತ್ತದೆ. ಎಡಗಡೆಯೇ ಹೋದರೆ ಇಳಿಯುವ ಡ್ರೈವರ್ ಕಿಟಕಿಯಿಂದ ತಲೆ ಹಾಕಿ ತನ್ನ ಹೊರಗಿನ ಚಕ್ರ ಪ್ರಪಾತದ ಅಂಚಿಗೆ ಎಷ್ಟು ಹತ್ತಿರ ಇದೆ ಅಂತ ನೋಡಬಹುದು. ಹತ್ತುವ ಗಾಡಿಗೆ ಮೊದಲ ಹಕ್ಕು, ಇಳಿಯುವವನು ದಾರಿ ಬಿಡಬೇಕು. ಇಷ್ಟು ಎಚ್ಚರ, ಇಷ್ಟು ನಿಯಮ ಇದ್ದ ರಸ್ತೆ ಅದು. 1983ರಲ್ಲಿ ಒಂದು ಬಸ್ ಅಲ್ಲಿ ಉರುಳಿ ನೂರಕ್ಕೂ ಹೆಚ್ಚು ಜನ ಸತ್ತರು. ವರ್ಷ ವರ್ಷವೂ ಸಾವು ನಿಲ್ಲಲಿಲ್ಲ. 2006ರಲ್ಲಿ ಬೇರೆ ಕಡೆಯಿಂದ ಹೊಸ ಹೆದ್ದಾರಿ ಪೂರ್ತಿಯಾಯಿತು. ಬಸ್ಸು ಲಾರಿಗಳು ಅಲ್ಲಿಗೆ ಹೋದವು. ಹಳೆ ಘಾಟಿಯಲ್ಲಿ ಈಗ ಹೆಚ್ಚಾಗಿ ಸೈಕಲ್ ಸವಾರರೇ ಓಡಾಡುತ್ತಾರೆ. ಅಲ್ಲಿನ ಡ್ರೈವರುಗಳಿಗೆ ಎಚ್ಚರ ಕಲಿಸಬೇಕಿತ್ತು ಅಂತ ಯಾರಾದರೂ ಹೇಳಲು ಆಗುತ್ತದಾ?

ಇನ್ನೊಂದು ಮಾತು. ನಾವು ಇಷ್ಟು ಹೊತ್ತು ಡ್ರೈವರ್, ರಸ್ತೆ ಅಂತ ಮಾತಾಡಿದೆವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು ಸುಮಾರು 11.9 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಡೆದು ಹೋಗುವವರು, ಸೈಕಲ್ಲಿನವರು, ಬೈಕಿನವರು. ‘ಹೇಗೆ ಓಡಿಸುತ್ತಾರೆ’ ಅನ್ನುವ ಪ್ರಶ್ನೆಯಲ್ಲಿ ನಡೆಯುವವರಿಗೆ ಜಾಗವೇ ಇಲ್ಲ. ಫುಟ್‌ಪಾತ್ ಇಲ್ಲದ ಕಡೆ ರಸ್ತೆ ಮೇಲೆ ನಡೆಯದೆ ಅವರು ಇನ್ನೆಲ್ಲಿ ನಡೆಯಬೇಕು? ಬಸ್ ಇಳಿದ ಜಾಗದ ಎದುರಿಗೇ ಮನೆ, ದಾಟಲು ಜಾಗ ಮಾತ್ರ ಅರ್ಧ ಕಿಲೋಮೀಟರ್ ಆಚೆ. ಮಂಡಿ ನೋವಿನ ಅಜ್ಜಿ ಚೀಲ ಹಿಡಿದು ಅಲ್ಲಿಯವರೆಗೆ ಹೋಗಿ, ಮೇಲ್ಸೇತುವೆ ಹತ್ತಿ ಇಳಿದು, ಮತ್ತೆ ಅರ್ಧ ಕಿಲೋಮೀಟರ್ ವಾಪಸ್ ಬರಬೇಕು ಅಂತ ಎಣಿಸಿದವರು ಆ ಅಜ್ಜಿಯನ್ನು ಯಾವತ್ತೂ ನೋಡಿಲ್ಲ. ಅಜ್ಜಿ ಡಿವೈಡರ್ ಸಂದಿಯಲ್ಲಿ ನುಗ್ಗಿ ದಾಟುತ್ತಾರೆ. ಏನಾದರೂ ಆದರೆ ‘ಅಡ್ಡಾದಿಡ್ಡಿ ದಾಟಿದರು’ ಅನ್ನುತ್ತೇವೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಡ್ರೈವರಿನ ಹೊಣೆಯನ್ನು ನಾನು ಇಳಿಸುತ್ತಿಲ್ಲ. ಕುಡಿದು ಓಡಿಸುವುದಕ್ಕೆ ಯಾವ ರಸ್ತೆಯೂ ನೆಪ ಆಗಲಾರದು. ಕಾನೂನು ಬಿಗಿಯಾದರೆ ಜನ ಬದಲಾಗುತ್ತಾರೆ ಅನ್ನುವುದಕ್ಕೂ ಸಾಕ್ಷಿ ಇದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲೇ ಸೀಟ್ ಬೆಲ್ಟ್ ಕಡ್ಡಾಯ ಮಾಡಿತು. ನ್ಯೂ ಸೌತ್ ವೇಲ್ಸ್ 1982ರ ಡಿಸೆಂಬರ್‌ನಲ್ಲಿ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ಉಸಿರು ಪರೀಕ್ಷೆ ಮಾಡಲು ಶುರು ಮಾಡಿತು. ಎರಡರಿಂದಲೂ ಸಾವು ಇಳಿಯಿತು. ಹಾಗಾಗಿ ಪೊಲೀಸರ ಕೆಲಸ, ರಸ್ತೆಯ ಕೆಲಸ ಎರಡೂ ಬೇಕು. ನನ್ನ ತಕರಾರು ಒಂದೇ. ಅಪಘಾತ ಆದ ಮೇಲೆ ಡ್ರೈವರಿನ ಮೇಲೆ ಕೇಸ್ ಆಗುತ್ತದೆ, ಲೈಸೆನ್ಸ್ ಹೋಗುತ್ತದೆ, ಕೆಲವೊಮ್ಮೆ ಜೈಲೂ ಆಗುತ್ತದೆ. ಆ ತಿರುವು ಮಾತ್ರ ಹಾಗೇ ಇರುತ್ತದೆ. ಮುಂದಿನವನಿಗೆ ಕಾಯುತ್ತಾ ಇರುತ್ತದೆ. ವಿಮಾನ ಬಿದ್ದರೆ ಪೈಲಟ್ ತಪ್ಪು ಮಾಡಿದ ಅಂತ ಬರೆದು ಕಡತ ಮುಚ್ಚುವುದಿಲ್ಲ. ಆ ತಪ್ಪು ಮಾಡಲು ಯಾಕೆ ಸಾಧ್ಯವಾಯಿತು ಅಂತ ಕೇಳುತ್ತಾರೆ, ಉಪಕರಣ ಬದಲಾಯಿಸುತ್ತಾರೆ, ತರಬೇತಿ ಬದಲಾಯಿಸುತ್ತಾರೆ. ರಸ್ತೆಯಲ್ಲಿ ಸತ್ತವರ ಜೀವಕ್ಕೂ ಅಷ್ಟೇ ಬೆಲೆ ಇಲ್ಲವಾ?

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು. ‘ನಾವು ಎಂಜಿನಿಯರ್ ಅಲ್ಲ. ನಾವು ದಿನಾ ಓಡಾಡುವ ರಸ್ತೆ ಅಪಾಯದ್ದೋ ಅಲ್ಲವೋ ಅಂತ ಹೇಗೆ ಗೊತ್ತಾಗಬೇಕು?’

ಒಳ್ಳೇ ಪ್ರಶ್ನೆ. ಅಪಘಾತ ಆಗುವವರೆಗೆ ಕಾಯಬೇಕಿಲ್ಲ. ರಸ್ತೆ ತನ್ನ ಗುರುತು ತಾನೇ ಬಿಟ್ಟಿರುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಪ್ಪು ಟೈರ್ ಗೆರೆ ಇದೆಯಾ ನೋಡಿ. ತಿರುವಿನ ಹೊರಬದಿಯ ಮರದ ತೊಗಟೆ ಕಿತ್ತಿದೆಯಾ, ಅದಕ್ಕೆ ಬೇರೆ ಬೇರೆ ಬಣ್ಣದ ಪೇಂಟ್ ಅಂಟಿದೆಯಾ ನೋಡಿ. ತಡೆಬೇಲಿ ಬಾಗಿದ್ದರೆ, ಚರಂಡಿ ಹತ್ತಿರ ಗಾಜಿನ ಚೂರು ಬಿದ್ದಿದ್ದರೆ ಗಮನಿಸಿ. ಡಿವೈಡರ್‌ನ ತುದಿ ಪದೇ ಪದೇ ಒಡೆದಿದ್ದರೆ ರಾತ್ರಿ ಅದು ಕಾಣುತ್ತಿಲ್ಲ ಅಂತ ಅರ್ಥ. ಹುಲ್ಲಿನ ಮೇಲೆ ಕಾಲುದಾರಿ ಸವೆದು ರಸ್ತೆಯವರೆಗೆ ಬಂದು ನಿಂತಿದ್ದರೆ, ಜನ ದಾಟುವುದು ಅಲ್ಲೇ. ಮಳೆ ನಿಂತ ಮೇಲೆ ಹೋಗಿ, ನೀರು ಎಲ್ಲಿ ನಿಂತಿದೆ ಅಂತ ನೋಡಿ. ಒಂದು ಸಲ ಹಗಲು, ಒಂದು ಸಲ ರಾತ್ರಿ ಫೋಟೊ ತೆಗೆಯಿರಿ, ತಾರೀಕು ಬರೆದಿಡಿ. ಅಕ್ಕಪಕ್ಕದ ಅಂಗಡಿಯವರನ್ನು ಕೇಳಿ. ಪೊಲೀಸ್ ಲೆಕ್ಕಕ್ಕೆ ಬರದ, ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳೆಲ್ಲ ಅವರಿಗೆ ಗೊತ್ತಿರುತ್ತದೆ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ರಸ್ತೆ ಯಾರ ಕೈಕೆಳಗೆ ಬರುತ್ತದೋ ಅವರಿಗೆ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಆಮೇಲೆ ಅಲ್ಲಿ ಏನಾದರೂ ಆದರೆ ‘ನಮಗೆ ಗೊತ್ತಿರಲಿಲ್ಲ’ ಅನ್ನಲು ಅವರಿಗೆ ಆಗುವುದಿಲ್ಲ.